ಒಪ್ಪಿಸುವ ಹಾಡಿನ ಮೂರನೇ ನುಡಿ

ಚೆನ್ನೈನ ಕೀಲ್ಪಾಕಿನ ಕನ್ನಡದವರ ಮನೆಯಲ್ಲಿ ಮದುವೆ ಗೊತ್ತಾದರೆ ಮೊದಲು ಛತ್ರಕ್ಕೆ ಫೋನ್ ಹೋಗುತ್ತದೆ, ಆಮೇಲೆ ಅಡಿಗೆಯವರಿಗೆ, ಆಮೇಲೆ ಪುರೋಹಿತರಿಗೆ, ಆಮೇಲೆ ಕಲಾವತಿಗೆ. ಹೆಣ್ಣೊಪ್ಪಿಸುವ ಶಾಸ್ತ್ರಕ್ಕೆ ಅವಳ ಹಾಡು ಬೇಕು. ಹುಡುಗಿಯ ಅಂಗೈಯನ್ನು ಹಾಲಿನ ತಟ್ಟೆಯಲ್ಲಿ ಅದ್ದಿ ಅತ್ತೆಯ ಕೈಯಲ್ಲಿಡುವ ಹೊತ್ತಿಗೆ ಯಾರಾದರೂ ಹಾಡಬೇಕು, ಹೆತ್ತವಳು ಅಳಬೇಕು, ವಿಡಿಯೋದವನು ಅದನ್ನು ಹತ್ತಿರದಿಂದ ಹಿಡಿಯಬೇಕು. ಈ ಮೂರೂ ನೆಟ್ಟಗೆ ಆದರೆ ಮದುವೆ ಚೆನ್ನಾಗಿ ಆಯಿತು ಅಂತ ಅರ್ಥ. ಊಟದಲ್ಲಿ ಉಪ್ಪು ಕಡಿಮೆಯಾದರೂ ಜನ ಮರೆತುಬಿಡುತ್ತಾರೆ.

ಒಬ್ಬೊಬ್ಬ ಹುಡುಗಿಗೂ ಒಂದೊಂದು ಹೊಸ ಹಾಡು ಎಂದು ಕಲಾವತಿಯ ಹೆಸರು. ನಿಜ ಹೇಳಬೇಕೆಂದರೆ ಹೊಸದು ಅಂದರೆ ಹುಡುಗಿಯ ಹೆಸರು, ಅವಳ ಮುದ್ದಿನ ಹೆಸರು, ಅವಳ ಅಜ್ಜಿಯ ಊರು, ಇಷ್ಟೇ. ಉಳಿದದ್ದು ಅದೇ ಗಿಳಿ, ಅದೇ ಮಲ್ಲಿಗೆ, ಅದೇ ಹೊಸಿಲು, ಅದೇ ದೀಪ. ಮಗಳು ಮನೆಬಿಟ್ಟು ಹೋಗುತ್ತಾಳೆ ಎನ್ನುವುದನ್ನು ಎಷ್ಟು ಬಗೆಯಲ್ಲಿ ಹೇಳಲು ಸಾಧ್ಯ? ಕೇಳುವವರಿಗೂ ಅದು ಗೊತ್ತು. ಆದರೆ ತಮ್ಮ ಮನೆಯ ಹುಡುಗಿಯ ಹೆಸರು ಹಾಡಿನಲ್ಲಿ ಬಂದ ಕೂಡಲೇ ಕಣ್ಣು ತುಂಬುತ್ತದೆ, ಅಷ್ಟರಲ್ಲಿ ಗಿಳಿ ಹಳೆಯದೋ ಹೊಸದೋ ಯಾರು ನೋಡುತ್ತಾರೆ.

ಹೆಸರಿನ ಜಾಗವೂ ಇಲ್ಲದೆ, ಒಂದಕ್ಷರವೂ ಬದಲಾಗದೆ ಎಲ್ಲಾ ಮದುವೆಗಳಲ್ಲೂ ಬರುತ್ತಿದ್ದದ್ದು ಮೂರನೇ ನುಡಿ.

*ಹೊಕ್ಕ ಮನೆಯ ನೋವು ಹೆತ್ತ ಮನೆಗೆ ತರಬೇಡ*
*ನಕ್ಕು ನುಂಗಮ್ಮ ನನ ಮಗಳೆ*

ಇದನ್ನು ಅವಳು ಮೊದಲು ಬರೆದದ್ದು ವಂದನಾಳ ಮದುವೆಗೆ. ವಂದನಾ ಮೇಲಿನ ಮನೆಯ ಪ್ರೇಮಮ್ಮನ ಒಬ್ಬಳೇ ಮಗಳು. ಎರಡು ಮನೆಗೂ ಮಧ್ಯೆ ಒಂದು ಮೆಟ್ಟಿಲ ಸಾಲು ಅಷ್ಟೇ. ಹುಡುಗಿ ಚಿಕ್ಕವಳಿದ್ದಾಗ ಊಟ ಒಂದು ಕಡೆ, ನಿದ್ದೆ ಇನ್ನೊಂದು ಕಡೆ. ಮದುವೆ ಹತ್ತಿರವಾದಾಗ ಒಂದು ಬೆಳಗ್ಗೆ ಕಲಾವತಿ ದೋಸೆ ಹುಯ್ಯುತ್ತಿದ್ದಳು. ‘ಹೊಕ್ಕ ಮನೆ’ ಎಂದು ನಾಲಿಗೆಗೆ ಬಂತು. ಪ್ರಾಸಕ್ಕೆ ಏನಾದರೂ ಬೇಕಲ್ಲ, ‘ನಕ್ಕು’ ಸಿಕ್ಕಿತು. ನಕ್ಕು ಏನು ಮಾಡಬೇಕು? ನುಂಗಬೇಕು. ದೋಸೆ ಮಗುಚುವಷ್ಟರಲ್ಲಿ ನುಡಿ ಮುಗಿದಿತ್ತು. ಅದರ ಅರ್ಥ ಏನಾಯಿತು ಎಂದು ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ. ಛತ್ರದಲ್ಲಿ ಅದನ್ನು ಹಾಡಿದಾಗ ಗಂಡಸರೂ ಮೂಗು ಒರೆಸಿಕೊಂಡರು. ಅಂದಿನಿಂದ ಹಾಡು ಕೇಳಲು ಬಂದವರೆಲ್ಲ ‘ಆ ನಕ್ಕು ನುಂಗಮ್ಮ ಇರಲಿ’ ಎಂದೇ ಕೇಳತೊಡಗಿದರು.

ವಂದನಾ ಗಂಡನ ಜೊತೆ ಕೊಯಮತ್ತೂರಿಗೆ ಹೋದಳು. ಮೂರು ವರ್ಷದ ಮೇಲೆ ಅವಳು ವಾಪಸು ಬಂದದ್ದು ಕೈಗೆ ಬ್ಯಾಂಡೇಜು ಸುತ್ತಿಕೊಂಡು, ಒಬ್ಬಳೇ, ಬಸ್ಸಿನಲ್ಲಿ. ಮುಂಗೈ ಮೂಳೆ ಮುರಿದದ್ದು ಅದೇ ಮೊದಲ ಸಲವಲ್ಲ ಎಂದು ಕೀಲ್ಪಾಕಿನ ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ನೋಡಿ ಹೇಳಿದರು. ಕಲಾವತಿ ಹಣ್ಣು ತೆಗೆದುಕೊಂಡು ನೋಡಲು ಹೋದಾಗ ಪ್ರೇಮಮ್ಮ ಮಂಚದ ಪಕ್ಕ ಕೂತು ಮಗಳ ತಲೆ ಸವರುತ್ತಾ ಅಂದಳು, “ಇಷ್ಟು ದಿನ ನಮಗೆ ಒಂದು ಮಾತು ತಿಳಿಸ್ಲಿಲ್ಲ ನೋಡು ಕಲಾ. ಯಾಕೇ ಅಂದ್ರೆ, ಆಂಟಿ ಹಾಡಲ್ಲಿ ಹೇಳಿದ್ರಲ್ಲಮ್ಮ ಅಂತಾಳೆ. ಅಂಥಾ ಹುಡುಗಿ ಇವ್ಳು.”

ಪ್ರೇಮಮ್ಮ ಅದನ್ನು ದೂರಾಗಿ ಹೇಳಲಿಲ್ಲ, ಹೊಗಳಿಕೆಯಾಗಿ ಹೇಳಿದಳು. ಮಗಳನ್ನೂ ಹೊಗಳಿದಳು, ಹಾಡನ್ನೂ ಹೊಗಳಿದಳು. ಕಲಾವತಿ ಏನಾದರೂ ಅನ್ನಬೇಕಿತ್ತು. ಅವಳು ಚೀಲದಿಂದ ಮೂಸಂಬಿ ತೆಗೆದು ಮೇಜಿನ ಮೇಲೆ ಜೋಡಿಸಿಟ್ಟು, “ರೆಸ್ಟ್ ತಗೋಮ್ಮ” ಎಂದು ಹೇಳಿ ಎದ್ದು ಬಂದಳು.

ಅಲ್ಲಿಗೆ ಆ ನುಡಿಯನ್ನು ಬಿಟ್ಟಿದ್ದರೆ ಒಂದು ಮಾತು. ಬಿಡಲಿಲ್ಲ. ಅದಾದ ಮೇಲೂ ಮದುವೆಗಳು ಬಂದವು, ಜನ ಕೇಳಿದರು, ಅವಳು ಹಾಡಿದಳು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದರೆ ವಂದನಾಳ ಕಥೆ ಹೇಳಬೇಕು. ಬೇರೆಯವರ ಮನೆಯ ಕಥೆ ತಾನೇಕೆ ಹೇಳಲಿ. ಹೀಗೆ ತನಗೆ ತಾನೇ ಒಂದು ನ್ಯಾಯ ಮಾಡಿಕೊಂಡಿದ್ದಳು. ಆದರೆ ಹಾಡುವಾಗ ಎದುರಿಗೆ ನಿಂತ ಹುಡುಗಿಯ ಕೈಯನ್ನು ನೋಡುತ್ತಿರಲಿಲ್ಲ. ಛತ್ರದ ತೋರಣವನ್ನು ನೋಡುತ್ತಾ ಹಾಡುತ್ತಿದ್ದಳು.

ಈಗ, ವಿಚ್ಛೇದನವೂ ಮುಗಿದು, ವಂದನಾಳಿಗೆ ಎರಡನೇ ಮದುವೆ ಗೊತ್ತಾಗಿತ್ತು. ಹುಡುಗ ರೂಪೇಶ್. ಪುರಸೈವಾಕ್ಕಂನಲ್ಲಿ ಅವರದೊಂದು ಸಸ್ಯಾಹಾರಿ ಹೋಟೆಲು, ಕರಾವಳಿಯ ಕಡೆಯವರು. ವಂದನಾ ಕೆಲಸ ಮಾಡುವ ಬ್ಯಾಂಕಿನಲ್ಲೇ ಹೋಟೆಲಿನ ಖಾತೆ ಇದ್ದದ್ದು, ಅಲ್ಲಿಂದ ಪರಿಚಯ. ಹುಡುಗನಿಗೆ ಇದು ಮೊದಲ ಮದುವೆ. ಅವನ ತಾಯಿ ಚಂದ್ರಮತಿ ಒಪ್ಪಿಕೊಂಡಿದ್ದೇ ತನ್ನ ಪುಣ್ಯ ಎಂದು ಪ್ರೇಮಮ್ಮ ಕುಣಿದಾಡಿಬಿಟ್ಟಳು. ಸೌಕಾರ್‌ಪೇಟೆಗೆ ಹೋಗಿ ಶಾಸ್ತ್ರಕ್ಕೆಂದು ಹೊಸ ಬೆಳ್ಳಿ ತಟ್ಟೆ ತಂದಳು. ತಟ್ಟೆ ತೋರಿಸುವ ನೆಪದಲ್ಲಿ ಕೆಳಗಿಳಿದು ಬಂದು ಕಲಾವತಿಯ ಅಡಿಗೆಮನೆಯಲ್ಲಿ ಸ್ಟೂಲು ಎಳೆದು ಕೂತಳು.

“ಹಾಡು ನಿಂದೇ ಕಣೆ. ಆ ಮೂರನೇ ನುಡಿ ಮಾತ್ರ ಬಿಡ್ಬೇಡ. ಬೀಗರು ಕೇಳಿಸ್ಕೊಳ್ಳಲಿ. ಒಂದು ಸಲ ಹಿಂಗಾಯ್ತು ಅಂತ ಹುಡುಗಿ ಗಂಟುಮೋರೆಯವಳು ಅಂದ್ಕೋಬಾರ್ದಲ್ಲ.”

ಕಲಾವತಿ ಕಾಫಿ ಸೋಸಿ ಕೊಟ್ಟಳು.

ಮಾರನೆಯ ಸಂಜೆ ಬ್ಯಾಂಕಿನಿಂದ ಬಂದ ವಂದನಾ ಮೇಲೆ ಹೋಗದೆ ನೇರವಾಗಿ ಇವಳ ಮನೆಗೆ ಬಂದಳು. ಹೆಲ್ಮೆಟ್ಟನ್ನು ಸೋಫಾದ ಮೇಲಿಟ್ಟಳು. ಕಲಾವತಿಯ ಗಂಡ ಗುಂಡಣ್ಣ, ರೈಲ್ವೆಯಿಂದ ನಿವೃತ್ತನಾದವನು, ಟೀವಿಯ ಸದ್ದು ತಗ್ಗಿಸಿದ.

“ಆಂಟಿ, ಹಾಡು ಬರೀತೀರಂತೆ. ಬರೀರಿ. ಅಮ್ಮಂಗೆ ಆಸೆ ಇದೆ.” ವಂದನಾ ಕಲಾವತಿಯ ಕಡೆ ತಿರುಗಿ ಅಂದಳು, “ಆದ್ರೆ ಆ ನುಡಿ ವೇಂಡಾಂ. ಅದೊಂದು ಬೇಡ.”

“ಇಲ್ಲಮ್ಮ, ಹಾಡಲ್ಲ.”

“ಪ್ರಾಮಿಸ್?”

“ಪ್ರಾಮಿಸ್.”

ವಂದನಾ ತಲೆಯಾಡಿಸಿದಳು. ಹೆಲ್ಮೆಟ್ಟು ತೆಗೆದುಕೊಂಡು ಹೊರಟಳು. ಕ್ಷಮೆ ಕೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಕಲಾವತಿ ಬಾಯಿ ತೆರೆದಳು, “ಕಾಫಿ ಕುಡಿದು ಹೋಗೆ” ಎಂದಳು. ಹುಡುಗಿ ಬೇಡವೆಂದು ಮೆಟ್ಟಿಲು ಹತ್ತಿದಳು.

ಆಮೇಲೆ ಶುರುವಾಯಿತು ಪೇಚಾಟ. ಇಷ್ಟು ವರ್ಷ ಒಲೆಯ ಮುಂದೆ ತಾನಾಗಿ ಬರುತ್ತಿದ್ದ ಹಾಡು ಈಗ ಕೂತರೂ ಬರಲಿಲ್ಲ, ನಿಂತರೂ ಬರಲಿಲ್ಲ. ಗಿಳಿ ಬಂತು, ಓಡಿಸಿದಳು. ಮಲ್ಲಿಗೆ ಬಂತು, ಅದು ಮೊದಲ ಮದುವೆಯಲ್ಲೂ ಇತ್ತು. ತುಂಬಿದ ಕೊಡ, ತುಂಬಿದ ಮನೆ, ಹೊಸಿಲು ದಾಟುವ ಕೆಂಪು ಪಾದ, ಎಲ್ಲವನ್ನೂ ಇದೇ ಹುಡುಗಿಗೆ ಒಮ್ಮೆ ಹಾಡಿ ಕಳಿಸಿದ್ದಾಗಿತ್ತು. ತಾನು ಹಾಡಿದ ತುಂಬಿದ ಮನೆ ಎಂಥದ್ದಾಗಿತ್ತು ಎಂದು ಈಗ ಗೊತ್ತಿತ್ತು. ಅದೇ ಮಾತುಗಳನ್ನು ಒರೆಸಿ ತೊಳೆದು ಮತ್ತೆ ಅವಳ ಮುಂದಿಡಲು ಯಾವ ಬಾಯಿ?

ಕೊನೆಗೆ ಗುಂಡಣ್ಣನೇ ಹೇಳಿದ. “ಮದುಮಗಳ ಬಗ್ಗೆ ಬರೀಬೇಡ ಕಲಾ. ವಂದನಾ ಬಗ್ಗೆ ಬರಿ. ಆ ಹುಡುಗಿ ಹೇಗಿದಾಳೋ ಹಾಗೆ.”

ಆಗ ಸ್ವಲ್ಪ ದಾರಿ ಕಂಡಿತು. ವಂದನಾ ಬೆಳಗ್ಗೆ ಏಳುವುದಿಲ್ಲ, ಮೊಬೈಲ್ ಅಲಾರಂ ಇಡೀ ಕಟ್ಟಡವನ್ನು ಎಬ್ಬಿಸಿದರೂ ಅವಳನ್ನು ಎಬ್ಬಿಸುವುದಿಲ್ಲ. ಮೊಸರನ್ನಕ್ಕೆ ಚಿಪ್ಸ್ ಪುಡಿಮಾಡಿ ಕಲಸುತ್ತಾಳೆ. ಪೂನಮಲ್ಲಿ ಹೈರೋಡಿನಲ್ಲಿ ಬಸ್ಸಿಗೂ ದಾರಿ ಬಿಡದೆ ಸ್ಕೂಟರ್ ಓಡಿಸುತ್ತಾಳೆ. ಇವೆಲ್ಲ ಹಾಡಿಗೆ ಬರುವ ಸಂಗತಿಗಳೇ? ಬರಲಿ ಎಂದುಕೊಂಡಳು. *ಬೆಳಗಿನ ನಿದ್ದೆಗೆ ಬೈಬೇಡಿ ಬೀಗಿತ್ತಿ, ಎಳೆಬಿಸಿಲಿಗೆ ತಾನೇ ಎದ್ದಾಳು.* ಬರೆದು ಗುಂಡಣ್ಣನಿಗೆ ಹಾಡಿ ತೋರಿಸಿದಾಗ ಅವನು ನಕ್ಕ. ಎಷ್ಟೋ ಕಾಲದ ಮೇಲೆ ತಾನು ಒಂದು ಹಾಡನ್ನು ನಿಜವಾಗಿ ಬರೆದೆ ಅನ್ನಿಸಿ ಅವಳಿಗೂ ಮೈ ಹಗುರಾಯಿತು.

ಹಗುರಾದದ್ದೇ ತಪ್ಪಾಯಿತೇನೋ. ಮೂರನೇ ನುಡಿಗೆ ಬಂದಾಗ ಅವಳಿಗೆ ಹುಮ್ಮಸ್ಸು ಬಂದಿತ್ತು. ಹಳೆಯ ನುಡಿಯನ್ನು ಬಿಟ್ಟರೆ ಸಾಲದು, ಅದಕ್ಕೆ ಉತ್ತರ ಕೊಡಬೇಕು. ಅದರ ಮಾತಿನಿಂದಲೇ ಶುರುಮಾಡಿ ಅದನ್ನು ಅಡಿಮೇಲು ಮಾಡಬೇಕು. ಕೇಳಿದವರಿಗೆ ಹಾಗಲ್ಲ, ಹೀಗೆ ಎಂದು ಗೊತ್ತಾಗಬೇಕು.

*ಹೊಕ್ಕ ಮನೆಯ ನೋವು ಹೊತ್ತು ತಿರುಗಲುಬೇಡ*
*ಪಕ್ಕದಲೆ ನಾವು ನನ ಮಗಳೆ*

ಕೀಲ್ಪಾಕಿಗೂ ಪುರಸೈವಾಕ್ಕಂಗೂ ಎಷ್ಟು ಮಹಾ ದೂರ, ಪಕ್ಕದಲ್ಲೇ ಅಲ್ಲವೇ. ಬರೆದು ನೋಡಿ ಅವಳಿಗೇ ಕಣ್ಣು ತುಂಬಿತು. ಕ್ಷಮೆ ಕೇಳಿದ ಹಾಗೂ ಆಯಿತು, ಕೇಳಬೇಕಾದ ಕಷ್ಟವೂ ತಪ್ಪಿತು ಎಂದುಕೊಂಡಳು.

ಗುಂಡಣ್ಣ ಮಾತ್ರ ಹುಬ್ಬು ಗಂಟಿಕ್ಕಿದ. “ಅದೇ ರಾಗ, ಅದೇ ಆರಂಭ. ಬಾಯಿ ತಪ್ಪುತ್ತೆ ಕಣೆ. ರಾಗನಾದ್ರೂ ಬದಲಾಯಿಸು.”

“ರೀ, ಸಣ್ಣಮ್ಮನಿಗೂ ಮಿಕ್ಕವರಿಗೂ ಹೊಸ ರಾಗ ಕಲಿಸೋ ಹೊತ್ತಿಗೆ ವಂದನಾ ಮಗೂ ನಾಮಕರಣ ಬಂದಿರುತ್ತೆ.”

ಅದೂ ಸುಳ್ಳಲ್ಲ. ಕಲಾವತಿ ಒಂದು ಸಾಲು ಹಾಡಿದರೆ ಹಿಂದಿನಿಂದ ಅದನ್ನೇ ಎತ್ತಿ ಹಾಡಲು ನಾಲ್ಕೈದು ಹೆಂಗಸರ ಮೇಳವಿತ್ತು, ಅದರಲ್ಲಿ ಸಣ್ಣಮ್ಮ ಹಿರಿಯಳು, ಗಂಟಲೂ ದೊಡ್ಡದು. ಅವರು ಎಷ್ಟೋ ಮದುವೆಗಳಿಂದ ಒಂದೇ ರಾಗದಲ್ಲಿ ಹಾಡಿದವರು. ಪದ ಬದಲಾದರೆ ಹಿಡಿದುಕೊಳ್ಳುತ್ತಾರೆ, ರಾಗ ಬದಲಾದರೆ ಕೈ ಚೆಲ್ಲುತ್ತಾರೆ. ಆದರೆ ರಾಗ ಬದಲಾಯಿಸದಿದ್ದದ್ದು ಅವರಿಗಾಗಿ ಅಷ್ಟೇ ಅಲ್ಲ. ಆ ರಾಗಕ್ಕೆ ಜನ ಅಳುತ್ತಾರೆ ಎಂದು ಕಲಾವತಿಗೆ ಗೊತ್ತಿತ್ತು. ಅಳದೇ ಹೋದರೆ ಎಂಬ ಹೆದರಿಕೆ ಅವಳಿಗಿತ್ತು.

ಪ್ರಾಕ್ಟೀಸಿನಲ್ಲಿ ಎಲ್ಲವೂ ಸರಿಯಾಗಿತ್ತು. ಪ್ರೇಮಮ್ಮನಿಗೆ ಮೂರನೇ ನುಡಿ ಬದಲಾಗಿದೆ ಎಂದು ಯಾರೂ ಹೇಳಲಿಲ್ಲ. ಛತ್ರದಲ್ಲಿ ಬೀಗರ ಮುಂದೆ ಅವಳಿಗೆ ತಕರಾರು ಮಾಡಲು ಆಗುವುದಿಲ್ಲ ಎಂಬ ಧೈರ್ಯ.

ಮದುವೆ ಚಿಕ್ಕದು. ತಾಳಿ ಕಟ್ಟಿ, ಸಪ್ತಪದಿ ಮುಗಿದು, ಒಪ್ಪಿಸುವ ಶಾಸ್ತ್ರಕ್ಕೆ ಎಲ್ಲರೂ ಸುತ್ತ ನಿಂತರು. ಬೆಳ್ಳಿ ತಟ್ಟೆಗೆ ಹಾಲು ಬಿತ್ತು. ಚಂದ್ರಮತಿ ದಪ್ಪ ಕನ್ನಡಕ ಹಾಕಿಕೊಂಡು, ಹೋಟೆಲಿನಲ್ಲಿ ಗಲ್ಲಾ ಮೇಲೆ ಕೂತಷ್ಟೇ ನೆಟ್ಟಗೆ ಕೂತಿದ್ದಳು. ವಂದನಾ ಅಂಗೈ ಅದ್ದಿದಳು. ಆ ಕೈಯ ಮಣಿಕಟ್ಟು ಇನ್ನೂ ಸ್ವಲ್ಪ ಓರೆಯಾಗಿಯೇ ಇತ್ತು. ಕಲಾವತಿ ಈ ಸಲ ತೋರಣ ನೋಡಲಿಲ್ಲ, ಆ ಕೈಯನ್ನೇ ನೋಡುತ್ತಾ ಹಾಡು ಎತ್ತಿಕೊಂಡಳು.

ಬೆಳಗಿನ ನಿದ್ದೆಯ ಸಾಲಿಗೆ ಹುಡುಗನ ಕಡೆಯವರು ಗೊಳ್ಳೆಂದರು. ಸ್ಕೂಟರಿನ ಸಾಲಿಗೆ ರೂಪೇಶ್ ತಲೆ ಮೇಲೆ ಕೈ ಇಟ್ಟುಕೊಂಡ. ಚಂದ್ರಮತಿ ಕೂಡ ನಕ್ಕಳು. ವಂದನಾ ತಲೆಯೆತ್ತಿ ಕಲಾವತಿಯ ಕಡೆ ನೋಡಿದಳು. ಅವಳ ಮುಖ ಅರಳಿತ್ತು. ಆ ಮುಖ ನೋಡಿ ಕಲಾವತಿಯ ಎದೆ ತುಂಬಿತು, ಉಸಿರು ಎಳೆದುಕೊಂಡು ಮೂರನೇ ನುಡಿಗೆ ಬಂದಳು. “ಹೊಕ್ಕ ಮನೆಯ ನೋವು” ಎಂದಳು.

ಅಲ್ಲಿಂದ ಮುಂದೆ ಹಾಡಿದ್ದು ನಾಲಿಗೆ. ಮನಸ್ಸು ಹುಡುಗಿಯ ಮುಖದಲ್ಲಿತ್ತು. ನಾಲಿಗೆ ವರ್ಷಗಟ್ಟಲೆ ನಡೆದ ದಾರಿಯಲ್ಲಿ ತಾನೇ ನಡೆದುಕೊಂಡು ಹೋಯಿತು. ಏನು ಹಾಡಿದೆ ಎಂದು ಕಲಾವತಿಗೆ ತಿಳಿದದ್ದು ಹಿಂದಿನಿಂದ ಸಣ್ಣಮ್ಮ ದೊಡ್ಡ ಗಂಟಲಲ್ಲಿ ಅದನ್ನು ಎತ್ತಿದಾಗ. ಹೆತ್ತ ಮನೆಗೆ ತರಬೇಡ. ನಕ್ಕು ನುಂಗಮ್ಮ. ಮೇಳದವರಿಗೆ ಸಂಶಯವೇ ಬರಲಿಲ್ಲ; ಕಲಾವತಿ ಹಾಡಿದ್ದನ್ನು ಹಾಡುವುದು ಅವರ ಕೆಲಸ. ಹಳೆಯ ಸಾಲು ಸಿಕ್ಕಿದ ಖುಷಿಗೆ ರೂಢಿಯಂತೆ ಎರಡು ಸಲ ಹಾಡಿದರು. ಪ್ರೇಮಮ್ಮ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ವಿಡಿಯೋದವನು ಹತ್ತಿರ ಬಂದ.

ನಿಲ್ಲಿಸಬೇಕಿತ್ತು. ಶಾಸ್ತ್ರದ ಹಾಡು ಅರ್ಧಕ್ಕೆ ನಿಂತರೆ ಅಪಶಕುನ ಅಂತಾರೆ, ಬೀಗರು ಏನಂದುಕೊಳ್ಳುತ್ತಾರೋ, ಪ್ರೇಮಮ್ಮ ಏನಂದುಕೊಳ್ಳುತ್ತಾಳೋ. ಕಲಾವತಿ ನಿಲ್ಲಿಸಲಿಲ್ಲ. ಮುಖದ ಮೇಲೆ ನಗು ಇಟ್ಟುಕೊಂಡೇ ನಾಲ್ಕನೇ ನುಡಿಗೆ ಹೋದಳು, ಐದನೆಯದನ್ನೂ ಮುಗಿಸಿದಳು. ವಂದನಾಳ ಕೈ ಚಂದ್ರಮತಿಯ ಕೈಯಲ್ಲಿತ್ತು. ಹುಡುಗಿ ತಲೆ ಬಗ್ಗಿಸಿ ಹಾಲನ್ನು ನೋಡುತ್ತಿದ್ದಳು.

ಜನ ಊಟಕ್ಕೆ ಎದ್ದರು. ದಾರಿಯಲ್ಲಿ ಇಬ್ಬರು ಮೂವರು ಕಲಾವತಿಯ ಕೈ ಹಿಡಿದು ಹಾಡು ಬಹಳ ಚೆನ್ನಾಗಿತ್ತು ಎಂದರು. ಅವಳು ಅವರನ್ನು ದಾಟಿಕೊಂಡು ಮದುಮಗಳ ಕೋಣೆಗೆ ಹೋದಳು. ವಂದನಾ ಕನ್ನಡಿಯ ಮುಂದೆ ಕೂತು ಜಡೆಯ ಹೂವಿನ ಪಿನ್ನುಗಳನ್ನು ಬಿಚ್ಚುತ್ತಿದ್ದಳು. ಪಕ್ಕದಲ್ಲಿ ಪ್ರೇಮಮ್ಮ ಸೀರೆ ಮಡಿಸುತ್ತಿದ್ದಳು. ಬಾಗಿಲು ತೆರೆದೇ ಇತ್ತು.

“ವಂದನಾ, ಬಾಯಿ ತಪ್ಪಿತಮ್ಮ” ಎಂದಳು ಕಲಾವತಿ.

ವಂದನಾ ಕನ್ನಡಿಯಲ್ಲೇ ಅವಳನ್ನು ನೋಡಿ ನಕ್ಕಳು. “ಒಣ್ಣುಂ ಇಲ್ಲೆ ಆಂಟಿ. ವಿಡುಂಗೊ.”

ಏನೂ ಇಲ್ಲ, ಬಿಡಿ. ಎಷ್ಟು ಸಲೀಸಾಗಿ ಬಂತು ಆ ಮಾತು, ಎಷ್ಟು ಚಂದದ ನಗು. ಕೊಯಮತ್ತೂರಿನಿಂದ ಭಾನುವಾರ ಭಾನುವಾರ ಫೋನು ಬಂದಾಗ ಪ್ರೇಮಮ್ಮ ಸ್ಪೀಕರಿನಲ್ಲಿಟ್ಟರೆ ಇದೇ ದನಿ ಕೇಳುತ್ತಿತ್ತು. ಒಣ್ಣುಂ ಇಲ್ಲೆ ಆಂಟಿ, ನಲ್ಲಾ ಇರುಕ್ಕೇನ್, ಚೆನ್ನಾಗಿದೀನಿ. ಆಗಲೂ ಹೀಗೇ ನಗುತ್ತಿದ್ದಳು. ಆ ನಗುವಿನ ಹಿಂದೆ ಕೈ ಮುರಿದಿದ್ದು ಫೋನಿನಲ್ಲಿ ಯಾರಿಗೆ ಕಾಣಬೇಕು. ಕಲಾವತಿಗೆ ಅರ್ಥವಾಯಿತು, ತನ್ನ ನುಡಿಯನ್ನು ಈ ಹುಡುಗಿಯಷ್ಟು ಚೆನ್ನಾಗಿ ಕಲಿತವರು ಬೇರೆ ಯಾರೂ ಇರಲಿಲ್ಲ.

“ಹಾಗೆ ನಗಬೇಡ ಕಣೆ” ಎಂದಳು. “ನಂಗೆ ಬೈದುಬಿಡು.”

ವಂದನಾಳ ಕೈ ಜಡೆಯಲ್ಲೇ ನಿಂತಿತು. ಒಂದು ಪಿನ್ನು ತೆಗೆದು ಮೇಜಿನ ಮೇಲಿಟ್ಟಳು, ಇನ್ನೊಂದು ತೆಗೆದಳು. ಆಮೇಲೆ ತಿರುಗಿ ಕೂತಳು. ನಗು ಹೋಗಿತ್ತು.

“ಆಸ್ಪತ್ರೇಲಿ ಅಮ್ಮ ನಿಮಗೆ ಹೇಳಿದಳಲ್ಲ, ಹಾಡಿಗೋಸ್ಕರ ಸುಮ್ನಿದ್ದೆ ಅಂತ. ನಾನು ನಿಮ್ಮ ಮುಖಾನೇ ನೋಡ್ತಿದ್ದೆ ಆಂಟಿ. ಒಂದು ಮಾತು ಅಂತೀರಾ ಅಂತ. ನೀವು ಮೂಸಂಬಿ ಜೋಡಿಸಿಟ್ಟು ಹೊರಟುಹೋದ್ರಿ.”

ಕಲಾವತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಆಮೇಲೂ ಹಾಡಿದ್ರಿ. ರೈಲ್ವೆ ಕಾಲೋನಿ ಮದುವೇಲಿ ನಾನು ಹಿಂದಿನ ಸಾಲಲ್ಲಿ ಕೂತಿದ್ದೆ. ನೀವು ನೋಡ್ಲಿಲ್ಲ. ಇನ್ನೂ ಕೈಗೆ ಕಟ್ಟು ಬಿಚ್ಚಿರ್ಲಿಲ್ಲ. ಆ ಹುಡುಗಿ ಅದನ್ನ ಕೇಳ್ಕೊಂಡು ಅಳ್ತಾ ಇದ್ಲು. ಎದ್ದು ಹೋಗಿ ಅವಳ ಕಿವಿ ಮುಚ್ಚಬೇಕು ಅನ್ನಿಸ್ತು.”

ಅವಳ ದನಿ ಏರಿತ್ತು. ತಮಿಳಿನ ಒಂದು ಪದವೂ ಇಲ್ಲದ ಅಚ್ಚ ಕನ್ನಡ, ಮನೆಯೊಳಗೆ ಚಿಕ್ಕಂದಿನಲ್ಲಿ ಹಟ ಮಾಡುವಾಗ ಆಡುತ್ತಿದ್ದ ಕನ್ನಡ. ಹೊರಗೆ ಊಟದ ಹಾಲಿಗೆ ಹೋಗುತ್ತಿದ್ದವರು ತಿರುಗಿ ನೋಡಿದರು. ಚಂದ್ರಮತಿ ಸೊಸೆಯನ್ನು ಊಟಕ್ಕೆ ಕರೆಯಲು ಬಂದವಳು ಬಾಗಿಲಲ್ಲೇ ನಿಂತಳು.

ಪ್ರೇಮಮ್ಮನ ಕೈಯಿಂದ ಸೀರೆ ಜಾರಿತು. “ಮೆಲ್ಲಗೆ ಕಣೆ, ಬೀಗರಿದ್ದಾರೆ. ಇವತ್ತೇ ಬೇಕಿತ್ತಾ ಇದೆಲ್ಲ?”

“ಇರ್ಲಿ ಬಿಡಿ, ಹೇಳ್ಲಿ” ಎಂದಳು ಚಂದ್ರಮತಿ. “ನಮಗೂ ಗೊತ್ತಾಗ್ಬೇಕಲ್ಲ ಎಂತ ಆದದ್ದು ಅಂತ.” ಒಳಗೆ ಬಂದು ಮಂಚದ ತುದಿಯಲ್ಲಿ ಕೂತಳು.

ಕಲಾವತಿ ಏನಾದರೂ ಹೇಳಬೇಕೆಂದು ಹುಡುಕಿದಳು. ಕಂದ, ಮಗಳೆ, ಬಂಗಾರ, ಹೆತ್ತ ಕರುಳು. ಬಾಯಿಗೆ ಬಂದ ಒಂದೊಂದು ಮಾತನ್ನೂ ಅವಳು ಯಾವುದಾದರೊಂದು ಮದುವೆಯಲ್ಲಿ ಹಾಡಿಬಿಟ್ಟಿದ್ದಳು. ಈ ಹುಡುಗಿಗೆ ಕೊಡಲು ಅವಳ ಹತ್ತಿರ ಬಳಸದೆ ಉಳಿದ ಮಾತು ಒಂದೂ ಇರಲಿಲ್ಲ. “ತಪ್ಪು ಮಾಡಿದೆ” ಎಂದಳು. ಅದು ಯಾವ ರಾಗಕ್ಕೂ ಕೂರದ ಹಾಗೆ, ಒಡಕು ದನಿಯಲ್ಲಿ ಬಂತು. ಅಷ್ಟು ಹೇಳಿ, ಇನ್ನೇನು ಹೊರಡಬಹುದು ಎಂದು ಅವಳಿಗೆ ಅನ್ನಿಸಿದ್ದೂ ನಿಜ.

ವಂದನಾ ಪಕ್ಕದ ಕುರ್ಚಿಯ ಮೇಲಿದ್ದ ಸೀರೆಗಳನ್ನು ಎತ್ತಿ ಮಂಚದ ಮೇಲೆ ಹಾಕಿದಳು.

“ಇನ್ನೂ ಇದೆ ಆಂಟಿ” ಎಂದಳು. “ಕೂತ್ಕೊಳ್ಳಿ.”

ಕಲಾವತಿ ಕೂತಳು.